ಮುಗಿದ ಕಸುಬು, ನಿಂತ ಕಸುಬು

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆರೆದವರು ಪಕ್ಕದ ಮನೆಯ ಹೊಸ್ತಿಲ ಕಡೆ ನೋಡುವುದಿಲ್ಲ. ಕಸ ಗುಡಿಸುವಾಗ ತಲೆ ಬಗ್ಗಿಸಿಯೇ ಗುಡಿಸುತ್ತೇವೆ. ನೀರು ಚೆಲ್ಲುವಾಗ ನಮ್ಮ ಅಂಗಳದಷ್ಟೇ ಅಗಲಕ್ಕೆ ಚೆಲ್ಲುತ್ತೇವೆ. ಹೊರಗಿನಿಂದ ಬಂದ ಸೊಸೆಗೆ ಅತ್ತೆ ಒಲೆ ತೋರಿಸುವುದಕ್ಕೂ ಮೊದಲು ಇದನ್ನು ಕಲಿಸುತ್ತಾಳೆ. ನಾನು ಸಣ್ಣವಳಿದ್ದಾಗಲೇ ನಮ್ಮವ್ವ ಹೇಳಿದ್ದಳು, "ಗಂಗವ್ವಾ, ಮಂದಿ ಬಾಗಲಾಗ ಏನರ ಕುಂತಿದ್ರ ನಿನಗ ಕಣ್ಣಿಲ್ಲ ಅಂತ ತಿಳ್ಕೊ."

ಬಾಗಿಲಲ್ಲಿ ಕುಳಿತಿರುವುದು ಬೇರೇನಲ್ಲ, ಆ ಮನೆಯವರೇ ಎಂದೋ ಮಾಡಿ ಮಾರಿದ ವಸ್ತು. ನಮ್ಮಲ್ಲಿ ಮಾಡಿದ್ದನ್ನು ಕೊಂಡವರು ಬಳಸುವುದು ಬಿಟ್ಟರೆ ಅದು ಮಾಡಿದವರ ಮನೆಗೆ ಬರುತ್ತದೆ. ಯಾರೂ ಹೊತ್ತು ತರುವುದಿಲ್ಲ, ಬರುವುದನ್ನು ಕಂಡವರೂ ಇಲ್ಲ. ಬೆಳಗಾದರೆ ಹೊಸ್ತಿಲ ಮುಂದೆ ಇರುತ್ತದೆ. ನಮ್ಮದು ತಗಡಿನ ಟ್ರಂಕು ಮಾಡುವವರ ಓಣಿ. ನನ್ನ ತಮ್ಮ ಮೋನಪ್ಪ ತಗಡು ಕತ್ತರಿಸಿ, ಬಡಿದು, ಅಂಚು ಮಡಚಿ ಟ್ರಂಕು ಮಾಡುತ್ತಿದ್ದ. ನಾನು ಮುಚ್ಚಳದ ಮೇಲೆ ಗಿಳಿ, ಹೂವು ಬರೆಯುತ್ತಿದ್ದೆ. ಹಿಂದೆ ಟ್ರಂಕು ವಾಪಸು ಬರುವುದು ಅಪರೂಪ. ಎಲ್ಲೋ ಒಬ್ಬ ಮುದುಕಿ ತೀರಿಕೊಂಡು, ಮಕ್ಕಳು ಅವಳ ಟ್ರಂಕನ್ನು ಅಟ್ಟಕ್ಕೆ ಎಸೆದರೆ ಅದು ಬರುತ್ತಿತ್ತು. ಬಂದದ್ದನ್ನು ಮತ್ತೆ ಮಾರಬಾರದು ಎಂಬುದು ಊರ ಕಟ್ಟಳೆ. ತುಕ್ಕು ಉಜ್ಜಿ, ಬಣ್ಣ ಬಳಿದು, ಇಲ್ಲದವರಿಗೆ ಸುಮ್ಮನೆ ಕೊಟ್ಟುಬಿಡಬೇಕು. ಕೊಡುವವರೆಗೆ ಅದರ ಮೇಲೊಂದು ಕೌದಿ ಹೊದಿಸಿ, ಅದೇನೋ ಮೊದಲಿನಿಂದಲೂ ಇದ್ದ ಕಟ್ಟೆ ಎನ್ನುವ ಹಾಗೆ ಮನೆಯ ಗಂಡಸು ಅದರ ಮೇಲೆ ಕುಳಿತು ಚಹಾ ಕುಡಿಯುತ್ತಾನೆ. ಹಾದು ಹೋಗುವವರು ಮಳೆಯ ಮಾತಾಡಿಕೊಂಡು ಹೋಗುತ್ತಾರೆ.

ನಾನೂ ಹಾಗೆ ವಾಪಸು ಬಂದವಳೇ. ಗಂಡನಿಗೆ ಬೇಡವಾದಾಗ ಈ ಹೊಸ್ತಿಲಿಗೆ ಬಂದು ಕುಳಿತೆ. ಮೋನಪ್ಪ ಒಂದು ಮಾತೂ ಕೇಳದೆ ಕೈಗೆ ಬಣ್ಣದ ಡಬ್ಬಿ ಕೊಟ್ಟ. ಆದ್ದರಿಂದ ಅವನ ಬಗ್ಗೆ ನಾನು ಕೆಟ್ಟ ಮಾತು ಆಡುವುದಿಲ್ಲ. ಆದರೆ ನಡೆದದ್ದು ನಡೆದ ಹಾಗೇ ಹೇಳಬೇಕಲ್ಲ.

ನಮ್ಮ ಹಿಂದಿನ ಓಣಿಯಲ್ಲಿ ಕೊಂಬಿನ ಬಾಚಣಿಗೆ ಮಾಡುವವರಿದ್ದರು. ನಮ್ಮ ಬಾಯಲ್ಲಿ ಅದು ಹಣಿಗಿ. ಎತ್ತಿನ ಕೊಂಬನ್ನು ಬಿಸಿ ಮಾಡಿ ಚಪ್ಪಟೆ ಒತ್ತಿ, ಸಣ್ಣ ಗರಗಸದಿಂದ ಹಲ್ಲು ಕೊಯ್ದು, ಬೂದಿಯಲ್ಲಿ ತಿಕ್ಕಿ ಹೊಳಪು ತರುತ್ತಿದ್ದರು. ಅವರಲ್ಲಿ ತಿರಕಪ್ಪ ನನ್ನ ತಮ್ಮನ ಓರಗೆಯವನು. ಇಬ್ಬರೂ ಒಂದೇ ಚಡ್ಡಿ ಹಾಕಿಕೊಂಡು ಬೆಳೆದವರು ಎಂದು ಓಣಿ ನಗುತ್ತಿತ್ತು. ಸಂಜೆ ಕೆಲಸ ಮುಗಿದರೆ "ಲೇ ಮೋನ್ಯಾ" ಎಂದು ಕೂಗುತ್ತಲೇ ಬರುತ್ತಿದ್ದ. ಮೈಯೆಲ್ಲ ಸುಟ್ಟ ಕೊಂಬಿನ ವಾಸನೆ. ಬಾಗಿಲಿನ ಹೊರಗೇ ಕೂರು ಮಾರಾಯ ಎಂದು ನಾನು ಬೈಯುವುದು, ಅವನು ಒಳಗೇ ಬಂದು ಕೂರುವುದು. ಅವನ ಹೆಂಡತಿ ದುರುಗವ್ವ ನನ್ನ ಗೆಳತಿ. ನನ್ನ ಕೂದಲಿಗೆ ಎಂಥ ಹಲ್ಲಿನ ಬಾಚಣಿಗೆ ಬೇಕು ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಆ ಕೆಟ್ಟ ವರ್ಷ ಬಂತು. ಎಲ್ಲಿ ಏನು ಕುಸಿಯಿತೋ ನಮಗೆ ತಿಳಿಯದು. ಪೇಟೆಗಳಲ್ಲಿ ಅಂಗಡಿಗಳು ಅರ್ಧ ಬಾಗಿಲು ತೆರೆಯುತ್ತಿದ್ದವು. ಮದುವೆಗಳು ಮುಂದಕ್ಕೆ ಹೋದವು, ಹಾಸ್ಟೆಲುಗಳು ಖಾಲಿಯಾದವು. ಮಗಳಿಗೆ ಟ್ರಂಕು ಕೊಡಿಸುವವರೂ ಇಲ್ಲ, ಮಗನಿಗೆ ಕೊಡಿಸುವವರೂ ಇಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಷ್ಟ ಬಂದವರು ಮನೆ ಚಿಕ್ಕದು ಮಾಡಿಕೊಂಡರು, ಇದ್ದ ಟ್ರಂಕುಗಳನ್ನು ಮೂಲೆಗೆ ತಳ್ಳಿದರು. ಅವು ಒಂದೊಂದಾಗಿ ನಮ್ಮ ಓಣಿಗೆ ಬರತೊಡಗಿದವು. ಬೆಳಿಗ್ಗೆ ಬಾಗಿಲು ತೆರೆದರೆ ನಾನೇ ಬರೆದ ಗಿಳಿ ನನ್ನನ್ನೇ ನೋಡುತ್ತಿತ್ತು. ಕೌದಿ ಸಾಲದೆ ಹಳೆಯ ಸೀರೆ ಹೊದಿಸಿದೆವು. ಬಾಚಣಿಗೆ ಓಣಿಯದು ನಮಗಿಂತ ಹಳೆಯ ಕಾಯಿಲೆ. ಪ್ಲಾಸ್ಟಿಕ್ ಬಾಚಣಿಗೆ ಬಂದಾಗಿನಿಂದಲೂ ಅವರ ಹೊಸ್ತಿಲಿಗೆ ಬಾಚಣಿಗೆಗಳು ಬರುತ್ತಲೇ ಇದ್ದವು. ಈ ವರ್ಷ ರಾಶಿಯಾದವು. ನಾವು ಆ ಕಡೆ ನೋಡಲಿಲ್ಲ. ನೋಡಬಾರದಲ್ಲ!

ಸರ್ಕಾರ ಕೈ ಹಿಡಿಯುತ್ತದಂತೆ ಎಂಬ ಸುದ್ದಿ ಬಂದಾಗ ಟ್ರಂಕು ಸಂಘದ ಸಭೆ ಸೇರಿತು. ಅಧ್ಯಕ್ಷ ಶಿವಪುತ್ರಪ್ಪ, ಮಾತಿನಲ್ಲಿ ತಗಡಿಗಿಂತ ಹೆಚ್ಚು ಸದ್ದು ಮಾಡುವವನು, ಎದ್ದು ನಿಂತ. "ಬ್ಯಾಂಕಿನವರು ಬಿದ್ರ ಎತ್ತತಾರ, ದೊಡ್ಡ ಗಿರಣಿಯವರು ಬಿದ್ರ ಎತ್ತತಾರ. ನಾವೇನು ಪಾಪ ಮಾಡೀವಿ? ನಾವು ಕಟ್ಟಿದ ರೊಕ್ಕನ ಅದರಾಗ ಐತಿ." ಎಲ್ಲರೂ ಹೌದೆಂದರು. ಓಣಿಯ ಹಿರಿಯ ಹುಸೇನಜ್ಜ ಒಬ್ಬನೇ ಮೀಸೆ ತಿರುವುತ್ತ ಕುಳಿತಿದ್ದ. "ಮುಳುಗೋವನ ಕೈ ಹಿಡಿಯೂದು ತಪ್ಪಲ್ಲ," ಅಂದ. "ಹಿಡಿದ್ರ ದಂಡಿಗೆ ಎಳೀಬೇಕು. ನೀರಾಗ ಹಂಗ ಹಿಡಕೊಂಡು ನಿಂತ್ರ ಇಬ್ಬರಿಗೂ ತ್ರಾಸು." ಅಜ್ಜನಿಗೆ ವಯಸ್ಸಾಯಿತು ಎಂದು ನಕ್ಕರು. ಹೊಟ್ಟೆ ಹಸಿದವರ ಮುಂದೆ ದಂಡೆಯ ಮಾತಾಡಿದರೆ ಯಾರು ಕೇಳುತ್ತಾರೆ? ನಮ್ಮ ಮನೆಯಲ್ಲೂ ಎರಡು ಮಕ್ಕಳು ಅಂಬಲಿಯ ಬೋಗುಣಿ ನೆಕ್ಕಿ ಮಲಗುತ್ತಿದ್ದವು. ನನಗಂತೂ ಸರ್ಕಾರ ನಾಳೆಯಲ್ಲ, ಇವತ್ತೇ ಬರಲಿ ಅನ್ನಿಸಿತ್ತು.

ಬಂದ ಅಧಿಕಾರಿ ಒಳ್ಳೆಯವನೇ. ಬಿಳಿ ಅಂಗಿ, ಮೆದು ಮಾತು. ಓಣಿಯಲ್ಲಿ ಕೆಲಸ ಚೆನ್ನಾಗಿ ಬಲ್ಲವರು ಯಾರೆಂದು ಕೇಳಿ ನಮ್ಮ ಮನೆಗೇ ಬಂದು ಕುಳಿತ. ಸಂಘದವರೆಲ್ಲ ಸುತ್ತ ಕುಳಿತರು. ತಿರಕಪ್ಪನೂ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದ. ಅವತ್ತೊಂದು ದಿನ ಅವನು ಒಳಗೆ ಬರಲಿಲ್ಲ. ಕರೆದಾಗ ಬರುತ್ತೇನೆ ಎಂದು ಜಗಲಿಯ ಮೇಲೆ ಕುಳಿತ. ನಾನು ಅವನಿಗೂ ಒಂದು ಲೋಟ ಚಹಾ ಕೊಟ್ಟು ಬಂದೆ. ಹೊಸ ಮೊರದ ತುಂಬ ಒಳ್ಳೆಯ ಬಾಚಣಿಗೆಗಳನ್ನು ಜೋಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಅಧಿಕಾರಿ ಹೇಳಿದ್ದು ಇಷ್ಟು. ಕಾಲ ಸುಧಾರಿಸುವವರೆಗೆ ನೀವು ಮಾಡಿದ ಟ್ರಂಕುಗಳನ್ನೆಲ್ಲ ಸರ್ಕಾರ ಹಳೆಯ ಬೆಲೆಗೇ ಕೊಳ್ಳುತ್ತದೆ, ಲಾರಿ ಬರುತ್ತದೆ, ಜಿಲ್ಲೆಯ ಗೋದಾಮಿಗೆ ಹೋಗುತ್ತವೆ. ಕೇಳಿ ಶಿವಪುತ್ರಪ್ಪನ ಕಣ್ಣಲ್ಲಿ ನೀರು ಬಂತು. ಆಮೇಲೆ ಅಧಿಕಾರಿ ಮೋನಪ್ಪನ ಕಡೆ ತಿರುಗಿ, "ಹಿಂದಿನ ಓಣಿಯವರನ್ನೂ ಸೇರಿಸಿ ಅಂತ ಅರ್ಜಿ ಬಂದಿದೆ. ಇರೋ ದುಡ್ಡು ಇಷ್ಟೇ, ಅವರನ್ನ ಸೇರಿಸಿದ್ರೆ ನಿಮಗೆ ಕಡಿಮೆ ಆಗುತ್ತೆ. ನೀವು ಕೆಲಸ ಬಲ್ಲವರು, ನಿಜ ಹೇಳಿ. ಆ ಕಸುಬು ಉಳಿಯುತ್ತಾ?" ಎಂದ.

ಸಂಘದವರೆಲ್ಲ ಮೋನಪ್ಪನ ಬಾಯನ್ನೇ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಕಿರಿಮಗನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದಳು. ಅವನು ನೆಲ ನೋಡುತ್ತ ಹೇಳಿದ, "ಅವರದು ಮುಗದ ಕಸಬ್ರಿ, ಸಾಹೇಬ್ರ. ನಮ್ಮದು ನಿಂತ ಕಸಬು, ಕಾಲ ಬಂದ್ರ ಮತ್ತ ನಡೀತೈತಿ."

ಎಷ್ಟು ಚೆಂದದ ಮಾತು ಎಂದು ಅಧಿಕಾರಿ ತಲೆದೂಗಿದ. ಶಿವಪುತ್ರಪ್ಪ ಆ ಮಾತನ್ನು ಎರಡೆರಡು ಸಲ ಬಾಯಲ್ಲಿ ಆಡಿಸಿದ. ನಾನು ಜಗಲಿಗೆ ಬಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಚಹಾ ಲೋಟದಲ್ಲಿ ಹಾಗೇ ಇತ್ತು, ಇನ್ನೂ ಬಿಸಿ ಆರಿರಲಿಲ್ಲ. ತಿರಕಪ್ಪ ಜಗಳಕ್ಕಾದರೂ ಬರುತ್ತಾನೆ ಎಂದು ಆ ವಾರವೆಲ್ಲ ಕಾದೆ. ಬಂದು ನಾಲ್ಕು ಬೈದಿದ್ದರೆ ಮೋನಪ್ಪನಿಗೆ ಅನ್ನವಾದರೂ ಸೇರುತ್ತಿತ್ತು. ಅವನು ಬರಲಿಲ್ಲ. ಎದುರು ಸಿಕ್ಕಾಗ ಬಿಸಿಲು ಜಾಸ್ತಿ ಎಂದ. ಪಕ್ಕದ ಮನೆಯ ಹೊಸ್ತಿಲ ಮುಂದೆ ನಾವು ಆಡುವ ಮಾತನ್ನೇ ಅವನು ನನ್ನ ತಮ್ಮನ ಮುಖದ ಮುಂದೆ ಆಡಿದ.

ಲಾರಿ ಬಂತು. ಟ್ರಂಕುಗಳು ಹೋದವು. ಮುಚ್ಚಳದ ಒಳಗೆ ನೇರಳೆ ಬಣ್ಣದ ಸರ್ಕಾರದ ಮುದ್ರೆ ಬಿತ್ತು. ಓಣಿಯಲ್ಲಿ ಮತ್ತೆ ಸುತ್ತಿಗೆಯ ಸದ್ದು, ಒಗ್ಗರಣೆಯ ವಾಸನೆ. ಸುಳ್ಳು ಯಾಕೆ ಹೇಳಲಿ, ಆ ಅನ್ನ ರುಚಿಯಾಗಿಯೇ ಇತ್ತು. ಮಕ್ಕಳ ಕೆನ್ನೆ ತುಂಬಿತು. ಸರ್ಕಾರ ಬರದಿದ್ದರೆ ನಾವು ಏನಾಗುತ್ತಿದ್ದೆವು ಎಂದು ನೆನೆದರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಸ್ವಲ್ಪ ದಿನಕ್ಕೇ ಟ್ರಂಕುಗಳು ವಾಪಸು ಬಂದವು. ಗೋದಾಮಿನಲ್ಲಿ ಅವನ್ನು ಯಾರೂ ಬಳಸಲಿಲ್ಲವಲ್ಲ! ಕೊಂಡರೆ ಸಾಕು ಎಂದು ಸರ್ಕಾರ ತಿಳಿದಿತ್ತು, ಮಾರಿದರೆ ಸಾಕು ಎಂದು ನಾವೂ ತಿಳಿದಿದ್ದೆವು. ಇಂಥ ಊರಲ್ಲಿ ಹುಟ್ಟಿ ಬೆಳೆದ ನಮಗೇ ಹೊಳೆಯದಿದ್ದದ್ದು ಆ ಬಿಳಿ ಅಂಗಿಯವನಿಗೆ ಹೇಗೆ ಹೊಳೆಯಬೇಕು? ನೇರಳೆ ಮುದ್ರೆ ಹೊತ್ತು, ಒಳಗೆ ಗೋದಾಮಿನ ಇಲಿ ಹಿಕ್ಕೆ ತುಂಬಿಕೊಂಡು, ಅವು ಓಣಿಯುದ್ದಕ್ಕೂ ಸಾಲಾಗಿ ಕುಳಿತವು. ಮೋನಪ್ಪ ಮತ್ತಿಬ್ಬರು ಅವನ್ನು ಬಂಡಿಗೆ ಹೇರಿ ಜಿಲ್ಲೆಗೆ ಹೋದರು. ಅಧಿಕಾರಿ ಬಂಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲವಂತೆ. "ನಮ್ಮ ಪ್ರಕಾರ ಅವೆಲ್ಲ ಗೋದಾಮಿನಲ್ಲೇ ಇವೆ. ನೀವು ತಂದಿರೋದು ಏನು ಅಂತ ನನಗೆ ಕಾಣ್ತಾ ಇಲ್ಲ," ಎಂದನಂತೆ. ನಮ್ಮ ಊರಿನ ಕುರುಡನ್ನು ಎಷ್ಟು ಬೇಗ ಕಲಿತುಬಿಟ್ಟ!

ಬಂಡಿ ತಿರುಗಿ ಬಂದ ದಿನ ಶಿವಪುತ್ರಪ್ಪ ಯೋಚಿಸಿ ಯೋಚಿಸಿ ಒಂದು ಮಾತು ಹೇಳಿದ. "ಅವು ಗೋದಾಮಿನ್ಯಾಗ ಅದಾವು ಅಂತ ಸರ್ಕಾರನ ಹೇಳಿದ ಮ್ಯಾಲ, ಇವು ಬ್ಯಾರೇ ಇರಬೇಕು. ಬ್ಯಾರೇ ಇದ್ದ ಮ್ಯಾಲ ಮಾರಾಕ ಏನು ಅಡ್ಡಿ?" ಯಾರೂ ನಗಲಿಲ್ಲ. ಮುಂದಿನ ಲಾರಿ ಬರುವ ಹೊತ್ತಿಗೆ ಅವನು ಸೀಮೆಎಣ್ಣೆಯ ಬಟ್ಟೆಯಿಂದ ಮುದ್ರೆ ಒರೆಸಿದ್ದ. ಅದರ ಮುಂದಿನ ಲಾರಿಗೆ ಓಣಿಯೆಲ್ಲ ಒರೆಸಿತು. ಬಂದದ್ದನ್ನು ಮಾರಬಾರದು ಎಂಬ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ, ಎಲ್ಲರೂ ಸೇರಿ ಮರೆತೆವು. ಹುಸೇನಜ್ಜನೂ ಒರೆಸಿದ. ಒರೆಸುವಾಗ ಬಾಗಿಲು ಮುಚ್ಚಿಕೊಂಡಿದ್ದ.

ಮೋನಪ್ಪ ಕೆಲವು ವಾರ ಹಠ ಹಿಡಿದ. ಹೊಸದನ್ನೇ ಮಾಡಿ ಹಾಕುತ್ತೇನೆ, ಹಳೆಯದನ್ನು ಕಟ್ಟಳೆಯಂತೆ ದಾನ ಮಾಡುತ್ತೇನೆ ಎಂದ. ಬಾಚಣಿಗೆ ಓಣಿಯ ಒಬ್ಬ ಮುದುಕಿಗೆ ಒಂದನ್ನು ಎತ್ತಿಕೊಂಡು ಹೊರಟಾಗ ಶಿವಪುತ್ರಪ್ಪ ಅಡ್ಡ ನಿಂತ. "ಮುದ್ರಿ ಬಿದ್ದದ್ದು ಸರ್ಕಾರದ ಮಾಲು. ನಾಳೆ ಯಾರರ ಕೇಳಿದ್ರ ಇಡೀ ಓಣಿ ಅನ್ನಕ್ಕ ಕಲ್ಲು ಬೀಳ್ತೈತಿ. ನಿನಗೊಬ್ಬನಿಗೇನ ಧರ್ಮ ಗೊತ್ತಿರೂದು?" ಮೋನಪ್ಪ ಟ್ರಂಕು ಕೆಳಗಿಟ್ಟ. ಹೊಸದಾಗಿ ಮಾಡಿದ್ದೆಲ್ಲ ಹೋಗಿ ಹೋಗಿ ವಾಪಸು ಬರುತ್ತಿತ್ತು. ಜಗಲಿ ತುಂಬಿತು, ಅಂಗಳ ತುಂಬಿತು, ಕೊನೆಗೆ ಮುಂಬಾಗಿಲು ಅರ್ಧ ಮಾತ್ರ ತೆರೆಯುವ ಹಾಗಾಯಿತು. ಇನ್ನೊಂದು ಮಾಡಿದರೆ ಇಡುವುದೆಲ್ಲಿ? ಅವನೂ ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡ. ಓಣಿಯಲ್ಲಿ ಸುತ್ತಿಗೆ ನಿಂತಿತು. ಮಧ್ಯಾಹ್ನದ ಹೊತ್ತು ಎಷ್ಟು ಮೌನವೆಂದರೆ ಹಿಂದಿನ ಓಣಿಯಲ್ಲಿ ಯಾರೋ ಕೊಂಬು ಕೊಯ್ಯುತ್ತಿರುವುದು ಕೇಳುತ್ತಿತ್ತು. ಕೊಳ್ಳುವವರಿಲ್ಲದಿದ್ದರೂ ಅವರು ಮಾಡುತ್ತಿದ್ದರು. ನಮಗೆ ಸಂಬಳವಿತ್ತು, ಕೆಲಸವಿರಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ನಮ್ಮ ಕುಡಿಕೆ ತಾನಾಗಿ ತುಂಬುತ್ತಿತ್ತು. ಆದರೂ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಯಿತು.

ಒಂದು ದಿನ ಮನಸ್ಸು ತಡೆಯದೆ ಒಂದು ಮೊರ ಜೋಳದ ಹಿಟ್ಟು ತೆಗೆದುಕೊಂಡು ದುರುಗವ್ವನ ಮನೆಗೆ ಹೋದೆ. ಕಣ್ಣಿಲ್ಲದವಳ ಹಾಗೆ ಹೊಸ್ತಿಲು ದಾಟಬೇಕೆಂದಿದ್ದೆ, ಆಗಲಿಲ್ಲ. ಕಾಲಿಡಲು ಜಾಗವಿರಲಿಲ್ಲ. ಬಾಚಣಿಗೆಗಳ ರಾಶಿ ಜಗಲಿಯಿಂದ ಒಳಮನೆಯವರೆಗೆ ಹರಿದಿತ್ತು. ದುರುಗವ್ವ ಅದರ ನಡುವೆ ಕುಳಿತು ಮಗಳ ತಲೆ ಬಾಚುತ್ತಿದ್ದಳು. ಹಿಟ್ಟು ನೋಡಿ, "ಇಡು ಅಲ್ಲೆ," ಎಂದಳು. ಬೇಡ ಎನ್ನಲಿಲ್ಲ. ಹಸಿವಿರುವ ಮನೆಯಲ್ಲಿ ಬಿಗುಮಾನಕ್ಕೆ ಜಾಗವೆಲ್ಲಿ? ಆಮೇಲೆ ಪಕ್ಕದಿಂದ ಒಂದು ಬಾಚಣಿಗೆ ಎತ್ತಿ ನನ್ನ ಕೈಯಲ್ಲಿಟ್ಟಳು. ಅಗಲ ಹಲ್ಲಿನದು. ಹಲ್ಲುಗಳ ನಡುವೆ ಒಂದು ಉದ್ದ ಬಿಳಿಕೂದಲು ಸುತ್ತಿಕೊಂಡಿತ್ತು. ಅದು ನನ್ನ ಕೂದಲು. ಪೇಟೆಯಿಂದ ಕೆಂಪು ಪ್ಲಾಸ್ಟಿಕ್ಕಿನದು ತಂದ ಮೇಲೆ ನನ್ನ ಹಳೆಯ ಬಾಚಣಿಗೆ ಗೂಡಿನಲ್ಲಿದೆ ಎಂದೇ ನಾನು ತಿಳಿದಿದ್ದೆ.

"ಬ್ಯಾಸರ ಮಾಡ್ಕೋಬ್ಯಾಡ," ಎಂದಳು ದುರುಗವ್ವ. "ಎಲ್ಲಾರ ಮನಿಯಿಂದಾನೂ ಬಂದಾವು. ಯಾವುದು ಯಾರದು ಅಂತ ನಮಗ ನೋಡಿದ್ರ ಗೊತ್ತಾಗ್ತೈತಿ. ನಿಮ್ಮ ತಮ್ಮಂದೂ ಇಲ್ಲೇ ಎಲ್ಲೋ ಐತಿ. ಅಂವ ಮುಗದ ಕಸಬು ಅಂದಾಗ ಇವರಿಗೆ ಸಿಟ್ಟು ಬರಲಿಲ್ಲ ಗಂಗಕ್ಕಾ. ಅಂವನ ಹಣಿಗಿ ಅದಕ್ಕೂ ಮೊದಲ ಬಂದು ಕುಂತಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಲೆ ಮುಟ್ಟಿ ನೋಡಿಕೊಂಡೆ. ಆ ಹೊಸ್ತಿಲಲ್ಲಿ ನನಗಾದಷ್ಟು ನಾಚಿಕೆ ಗಂಡನ ಮನೆಯಿಂದ ವಾಪಸು ಬಂದ ದಿನವೂ ಆಗಿರಲಿಲ್ಲ. ಹೊರಡುವಾಗ ಅವಳು ಮೆಲ್ಲಗೆ ಹೇಳಿದಳು, "ಅಮಾಸಿ ಕಳದ ಮ್ಯಾಲ ನಾವು ಊರು ಬಿಡ್ತೀವಿ."

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಅಂಗಳದ ಟ್ರಂಕುಗಳ ಮಧ್ಯೆ ಕುಳಿತಿದ್ದ. "ಸಾಮಾನು ಯಾತರಾಗ ಒಯ್ತಾರ?" ಎಂದು ಕೇಳಿದ.

"ಯಾತರಾಗ ಒಯ್ತಾರ? ಸೀರಿಯೊಳಗ ಗಂಟು ಕಟ್ಟಿ ತಲಿ ಮ್ಯಾಲ ಹೊತ್ತು ಒಯ್ತಾರ," ಎಂದೆ. ಸುತ್ತ ಎದೆಮಟ್ಟ ಟ್ರಂಕುಗಳ ನಡುವೆ ನಿಂತು ಈ ಮಾತು ಆಡಿದೆನಲ್ಲ ಎಂದು ಆಮೇಲೆ ಹೊಳೆಯಿತು.

ಮರುದಿನ ಬೆಳಿಗ್ಗೆ ಮೋನಪ್ಪ ಅಟ್ಟದಿಂದ ತಗಡು ಇಳಿಸಿದ. ಸುತ್ತಿಗೆಯ ಮೊದಲ ಪೆಟ್ಟಿಗೇ ಓಣಿಯ ಬಾಗಿಲುಗಳೆಲ್ಲ ತೆರೆದವು. ಯಾರಿಗೆ ಹುಚ್ಚು ಹಿಡಿಯಿತು ಎಂದು ಜನ ಬಂದು ನೋಡಿದರು. ಶಿವಪುತ್ರಪ್ಪ, "ಯಾಕೋ ಮೋನಪ್ಪ, ಇದ್ದದ್ದು ಸಾಲದೇನು?" ಎಂದ. ಮೋನಪ್ಪ ಬಡಿಯುತ್ತಲೇ ಇದ್ದ. ಕೈ ಮರೆತಿತ್ತು. ಎರಡು ಕಡೆ ತಗಡು ಹರಿದು, ಬೆರಳಿಗೆ ಪೆಟ್ಟು ಬಿತ್ತು. ಬಿಚ್ಚಿ ಮತ್ತೆ ಮಾಡಿದ. ಮೂಲೆಗಳಿಗೆ ಎರಡು ಸುತ್ತು ಪಟ್ಟಿ ಕೊಟ್ಟ, ಮುಚ್ಚಳದ ಅಂಚನ್ನು ಉಗುರು ಸಿಕ್ಕದ ಹಾಗೆ ಮಡಚಿದ. ಅಮಾವಾಸ್ಯೆ ಕಳೆದು ಅವರು ಹೊರಡುವ ಬೆಳಿಗ್ಗೆ ನಾನು ನೀಲಿ ಬಣ್ಣ ಬಳಿದೆ. ಗಿಳಿ ಬರೆಯಲೇ ಎಂದು ಕೇಳಿದೆ. ಹೊತ್ತಿಲ್ಲ ಅಕ್ಕಾ, ಬಸ್ಸು ಹೋಗುತ್ತದೆ ಎಂದ.

ಬಸ್ ಸ್ಟ್ಯಾಂಡಿನಲ್ಲಿ ತಿರಕಪ್ಪನ ಸಂಸಾರ ಗಂಟುಗಳ ಮೇಲೆ ಕುಳಿತಿತ್ತು. ಮೋನಪ್ಪ ಟ್ರಂಕನ್ನು ತಲೆಯ ಮೇಲಿಂದ ಇಳಿಸಿ ಅವನ ಮುಂದೆ ಇಟ್ಟ. "ಇದಕ್ಕ ಮುದ್ರಿ ಇಲ್ಲೋ ತಿರಕ್ಯಾ," ಎಂದ. "ಒಳಗ ನೋಡು. ಹೊಸಾದು. ನಿನಗಂತ ಮಾಡೀನಿ."

ತಿರಕಪ್ಪ ರಸ್ತೆಯ ಕಡೆ ನೋಡುತ್ತ ಕುಳಿತ. ನನ್ನ ತಮ್ಮ ಅಷ್ಟು ಜನರ ನಡುವೆ ಕೈ ಜೋತುಬಿಟ್ಟುಕೊಂಡು ನಿಂತಿದ್ದ. ಭೂಮಿ ಬಾಯಿ ಬಿಟ್ಟರೆ ಇಬ್ಬರೂ ಒಳಗೆ ಹೋಗೋಣ ಎನ್ನಿಸಿತು ನನಗೆ. ಕೊನೆಗೆ ದುರುಗವ್ವ ಎದ್ದಳು. "ಇಡ್ರಿ ಈ ಕಡೆ. ಇವರ ಸಿಟ್ಟು ನನ್ನ ಮಕ್ಕಳ ಅರಿವಿ ಮಡಚಿ ಇಟ್ಕೊಳ್ಳೂದಿಲ್ಲ," ಎಂದು ಗಂಟು ಬಿಚ್ಚಿ ಬಟ್ಟೆಬರೆಯನ್ನೆಲ್ಲ ಟ್ರಂಕಿಗೆ ತುಂಬತೊಡಗಿದಳು. ಆಗ ತಿರಕಪ್ಪ ಕೈ ಚಾಚಿ ಮುಚ್ಚಳದ ಅಂಚಿನುದ್ದಕ್ಕೂ ಬೆರಳು ಎಳೆದ. ಬಣ್ಣ ಪೂರ್ತಿ ಆರಿರಲಿಲ್ಲ. ಅಂಗೈಯೆಲ್ಲ ನೀಲಿಯಾಯಿತು.

"ತಿರಕ್ಯಾ, ನಾ ಅವತ್ತು…" ಎಂದ ಮೋನಪ್ಪ.

"ಬಸ್ಸು ಬಂತು," ಎಂದ ತಿರಕಪ್ಪ. ಬಂದಿತ್ತು ಕೂಡ.

ಮಾರನೆಯ ದಿನದಿಂದ ಮೋನಪ್ಪ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆರೆಯತೊಡಗಿದ. ಬೇರೆ ಟ್ರಂಕುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವನು ಹುಡುಕುತ್ತಿದ್ದದ್ದು ಗಿಳಿಯಿಲ್ಲದ ನೀಲಿ ಟ್ರಂಕನ್ನು. "ಬಂದಿಲ್ಲ ಅಕ್ಕಾ," ಎಂದು ನನಗೆ ಹೇಳಿ ಮುಖ ತೊಳೆಯಲು ಹೋಗುತ್ತಿದ್ದ. ದಿನಗಳು ಕಳೆದ ಹಾಗೆ ಆ ಮಾತಿಗೆ ಉಲ್ಲಾಸ ಬಂತು. "ಬಂದಿಲ್ಲ ನೋಡು. ಬಳಸಾಕ ಹತ್ಯಾನ. ನನ್ನ ಮ್ಯಾಲ ಸಿಟ್ಟಿದ್ರ ಎಲ್ಲ್ಯಾರ ಒಗದು ಹೋಗ್ತಿದ್ದನಲ್ಲ?" ಎಂದು ಮಕ್ಕಳೆದುರೂ ಹೇಳಿಕೊಂಡ. ಅಷ್ಟು ದಿನಗಳ ಮೇಲೆ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ಕಂಡೆ. ಆ ಸಮಾಧಾನವನ್ನು ಕೆಡಿಸಬೇಕೆಂದು ನನಗೇನೂ ಇರಲಿಲ್ಲ.

ನನ್ನ ಕಣ್ಣಿಗೆ ಪೊರೆ ಬಂದಿತ್ತು. ತೋರಿಸಲು ಜಿಲ್ಲೆಯ ಆಸ್ಪತ್ರೆಗೆ ಹೋದೆ. ಹೊರಗೆ ಬರುವಾಗ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಮೊದಲು ಕಂಡದ್ದು ಆ ನೀಲಿ. ಟ್ರಂಕಿನ ಮುಚ್ಚಳ ತೆರೆದಿತ್ತು. ಒಳಗೆ ಕೆಂಪು, ಹಳದಿ, ಹಸಿರು ಪ್ಲಾಸ್ಟಿಕ್ ಬಾಚಣಿಗೆಗಳು ಸಾಲಾಗಿ ನಿಂತಿದ್ದವು. "ಹಣಿಗೀ, ಮುರಿಯದ ಹಣಿಗೀ" ಎಂದು ಕೂಗುತ್ತಿದ್ದವನು ತಿರಕಪ್ಪ. ನಾನು ಕಾಣದ ಹಾಗೆ ಹೋಗಿಬಿಡಬಹುದಿತ್ತು, ಊರಲ್ಲಿ ಅದನ್ನೇ ಅಲ್ಲವೇ ಕಲಿತದ್ದು? ಅಷ್ಟರಲ್ಲಿ ಅವನೇ ಕರೆದ. "ಬಾ ಗಂಗಕ್ಕಾ, ಕಣ್ಣಿಗೇನಾತು?" ಎಂದು ಟ್ರಂಕಿನ ಪಕ್ಕ ಜಾಗ ಮಾಡಿಕೊಟ್ಟ. ಕೂತೆ. ಅವನ ಮೈಗೆ ಕೊಂಬಿನ ವಾಸನೆ ಇರಲಿಲ್ಲ. ಮಕ್ಕಳು ಚೆನ್ನಾಗಿದ್ದಾರೆ, ದುರುಗವ್ವ ಆಸ್ಪತ್ರೆಯಲ್ಲೇ ಕಸ ಗುಡಿಸುತ್ತಾಳೆ ಎಂದ. ಏಳುವಾಗ ಒಂದು ಕೆಂಪು ಬಾಚಣಿಗೆ ಆರಿಸಿ ಕೊಟ್ಟ.

"ತಗೋ ಅಕ್ಕಾ. ನೀ ಇಂಥಾದ್ದ ಬಳಸ್ತಿ. ಸಾಕಾದ್ರ ಒಗದುಬಿಡು, ಇವು ಯಾರ ಬಾಗಲಿಗೂ ಬಂದು ಕುಂದ್ರೂದಿಲ್ಲ."

ಕುಹಕವಾಗಿ ಹೇಳಿದ್ದರೆ ತಿರುಗಿ ಒಂದು ಮಾತು ಆಡುತ್ತಿದ್ದೆ. ಅವನು ಸುಮ್ಮನೆ, ಒಳ್ಳೆಯ ಮಾಲು ತೋರಿಸುವ ಅಂಗಡಿಯವನ ಹಾಗೆ ಹೇಳಿದ. ಮೋನ್ಯಾನಿಗೆ ಏನಾದರೂ ಹೇಳಲೇ ಎಂದು ಕೇಳಿದೆ. ಮುಚ್ಚಳದ ಅಂಚನ್ನು ಸವರಿದ. "ಟ್ರಂಕು ಚಲೋ ಐತಿ ಅಂತ ಹೇಳು. ಮಳಿ ಹೊಡದ್ರೂ ಒಳಗ ನೀರು ಹೋಗೂದಿಲ್ಲ," ಎಂದ.

ಸಂಜೆ ಮನೆಗೆ ಬಂದಾಗ ಮೋನಪ್ಪ ಮುದ್ರೆ ಒರೆಸುತ್ತಿದ್ದ. ತಿರಕಪ್ಪ ಸಿಕ್ಕಿದ್ದ ಎಂದ ಕೂಡಲೇ ಬಟ್ಟೆ ಬಿಸಾಡಿ ಎದ್ದು ಬಂದ. ಟ್ರಂಕು ಐತೇನು? ಐತಿ. ಬಳಸಾಕ ಹತ್ಯಾನೇನು? ದಿನಾ ಬಳಸ್ತಾನ. ಚಲೋ ಐತಿ ಅಂದಾನ, ಮಳಿ ಬಂದ್ರೂ ನೀರು ಹೋಗೂದಿಲ್ಲಂತ. ಅವನ ಮುಖ ಅರಳಿತು, ಸಣ್ಣವನಿದ್ದಾಗ ಅರಳುತ್ತಿದ್ದ ಹಾಗೆಯೇ. "ಏನು ಇಟ್ಟಾನ ಅದರಾಗ?" ಎಂದು ಕೇಳಿದ.

ನಾನು ಚೀಲದಿಂದ ಕೆಂಪು ಬಾಚಣಿಗೆ ತೆಗೆದು ಅವನ ಕೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಲ್ಲಿನ ಮೇಲೆ ಹೆಬ್ಬೆರಳು ಎಳೆದ. ಅರ್ಥವಾಯಿತು. ಆಮೇಲೆ ಹತ್ತಿರದ ಟ್ರಂಕಿನ ಮೇಲೆ ಕುಳಿತ.

"ನಾ ಖರೇನ ಹೇಳಿದ್ನಲ್ಲ ಅಕ್ಕಾ. ಮುಗದ ಕಸಬು ಅಂತ ಹೇಳಿದ್ದು ಖರೇನ ಆತಲ್ಲ," ಎಂದ.

"ಹೌದೋ ಮೋನ್ಯಾ. ನೀ ಖರೇನ ಹೇಳಿದ್ದಿ."

"ಖರೇ ಹೇಳಿದವಗ ಇಷ್ಟು ನಾಚಿಕಿ ಯಾಕ ಆಗ್ತೈತಿ?"

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಲಾರಿಯ ಹಾರ್ನ್ ಕೇಳಿತು. ಸರ್ಕಾರ ಇನ್ನೊಂದು ವರ್ಷ ಮುಂದುವರಿಸಿದೆಯಂತೆ ಎಂದು ಶಿವಪುತ್ರಪ್ಪ ಮನೆ ಮನೆಗೆ ಕೂಗಿ ಹೇಳುತ್ತ ಬಂದ. ಒಳಗೆ ಮಕ್ಕಳು ಊಟಕ್ಕೆ ಕುಳಿತಿದ್ದರು. ಮೋನಪ್ಪ ಬಾಚಣಿಗೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಮುದ್ರೆ ಒರೆಸಿದ, ಮದುವೆಗೆ ಕೊಡುವಂಥ ದೊಡ್ಡ ಟ್ರಂಕಿನ ಒಂದು ಹಿಡಿಗೆ ಕೈ ಹಾಕಿ ಎತ್ತಲು ನೋಡಿದ. ಒಬ್ಬನಿಗೆ ಆಗಲಿಲ್ಲ. ಟ್ರಂಕಿಗೆ ಎರಡು ಹಿಡಿ ಇರುತ್ತವೆ. ನಾನು ಹೋಗಿ ಇನ್ನೊಂದನ್ನು ಹಿಡಿದೆ.